ಎರೆ ದಾಟಿದ ಜೀಪು, ಡಾಂಬರಿನ ತಿರುವು

ಈ ಮೂರು ದಿನಗಳ ಪ್ರಯಾಣವನ್ನು ಈಗಾಗಲೇ ಮೂರು ಸಲ ಹೇಳಿದ್ದೇನೆ, ಮೂರು ಸಲವೂ ಬೇರೆ ಬೇರೆಯಾಗಿ. ಬಳ್ಳಾರಿಯ ಆಸ್ಪತ್ರೆಯಲ್ಲಿ ಗೆಳೆಯನ ಮನೆಯವರಿಗೆ ಒಂದು ರೀತಿ, ಪೊಲೀಸರಿಗೆ ಇನ್ನೊಂದು ರೀತಿ, ದಾವಣಗೆರೆಗೆ ಮರಳಿದ ಮೇಲೆ ಹೆಂಡತಿಗೆ ಮತ್ತೊಂದು ರೀತಿ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹೇಳುವಾಗ ಪ್ರತಿ ಸಲವೂ ಅದು ಹಾಗೆಯೇ ನಡೆದಿತ್ತೆಂದು ಅನ್ನಿಸಿತ್ತು. ನಾನು ಇತಿಹಾಸದ ಎಂ.ಎ. ಓದಿದವನು. ಕಣ್ಣಾರೆ ಕಂಡೆ ಎನ್ನುವವರನ್ನು ಮೊದಲು ಅನುಮಾನಿಸಬೇಕೆಂದು ಮಕ್ಕಳಿಗೆ ಪಾಠ ಮಾಡುತ್ತೇನೆ. ಆ ಅನುಮಾನವನ್ನು ನನ್ನ ಮೇಲೆ ಪ್ರಯೋಗಿಸಿಕೊಳ್ಳುವ ಪ್ರಸಂಗ ಅಲ್ಲಿಯವರೆಗೆ ಬಂದಿರಲಿಲ್ಲ.

ಹಿಂಗಾರು ಹಿಡಿದ ಹೊಸತರಲ್ಲಿ, ಒಂದು ಗುರುವಾರ ಬೆಳಿಗ್ಗೆ ದಾವಣಗೆರೆಯಿಂದ ಹೊರಟೆ. ಚಿತ್ರದುರ್ಗದಲ್ಲಿ ಬಸ್ಸು ಬದಲಿಸಿ ಚಳ್ಳಕೆರೆ ತಲುಪುವಾಗ ಹನ್ನೊಂದೂವರೆ. ಮೋಡವಿತ್ತು, ಮಳೆ ಇರಲಿಲ್ಲ. ಎಣ್ಣೆ ಮಿಲ್ಲುಗಳ ಕಡೆಯಿಂದ ಹುರಿದ ಶೇಂಗಾದ ವಾಸನೆ ಬರುತ್ತಿತ್ತು. ನಿಲ್ದಾಣದ ಹೊರಗೆ ತಿಪ್ಪೇಶ ತನ್ನ ಜೀಪಿಗೆ ಒರಗಿ ನಿಂತಿದ್ದ. ಅವನು ನನ್ನ ಹಾಸ್ಟೆಲ್ ಗೆಳೆಯ. ರಾಂಪುರದ ಹತ್ತಿರ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾನೆ.

ಜೀಪು ಬೇಕಾದದ್ದು ಆ ಹುಳುಗಳಿಗಾಗಿಯೇ. ಅವನ ತೋಟದ ಮನೆಯಿಂದ ಡಾಂಬರು ರಸ್ತೆಗೆ ಮೂರು ಕಿಲೋಮೀಟರ್, ಪೂರ್ತಿ ಎರೆ, ಅಂಟುವ ಕಪ್ಪು ಮಣ್ಣು. ಒಂದು ಹದ ಮಳೆ ಬಿದ್ದರೆ ಕಾಲಿಟ್ಟಲ್ಲಿ ಚಪ್ಪಲಿ ಉಳಿಯುತ್ತದೆ. ರೇಷ್ಮೆಗೂಡು ಬಿಡಿಸಿದ ಮೇಲೆ ಕಾಯುವುದಿಲ್ಲ. ದಿನ ತಪ್ಪಿದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬರುವುದಿಲ್ಲ. ಹಿಂದಿನ ವರ್ಷ ಟ್ರ್ಯಾಕ್ಟರೇ ಹೂತು ಹೋಗಿ, ಒಂದು ಬೆಳೆಯಷ್ಟು ಗೂಡು ಅವನ ಕಣ್ಣೆದುರೇ ತೂತಾಗಿತ್ತು. ಇನ್ನೊಂದು ಬೆಳೆ ಹಾಗೆ ಹೋದರೆ ಹುಳು ಮನೆ ಮುಚ್ಚುವುದೇ ಎಂದು ನಿರ್ಧರಿಸಿದ್ದ. ಅದಕ್ಕೇ ಈ ಹಳೆಯ ಡೀಸೆಲ್ ಜೀಪು ಕೊಂಡಿದ್ದ. ಅದನ್ನು ಕೆಸರಿಗೆ ಒಗ್ಗಿಸುವ ಕೆಲಸ ಚಳ್ಳಕೆರೆಯ ಮೆಕ್ಯಾನಿಕ್ ಮೌಲಾಲಿ ಸಾಬರದು. ಸಲಹೆಗಾರನಾಗಿ ನನ್ನನ್ನು ಕರೆಸಿದ್ದ, ಏಕೆಂದರೆ ಎರಡು ತಿಂಗಳು ಮೊಬೈಲಿನಲ್ಲಿ ಈ ವಿಷಯದ ವಿಡಿಯೊಗಳನ್ನು ನೋಡಿ ಅವನ ತಲೆ ತಿಂದವನು ನಾನೇ.

ಮೌಲಾಲಿ ಸಾಬರ ಷೆಡ್ಡು ಹಳೆಯ ಪೇಟೆಯ ರಸ್ತೆಯಲ್ಲಿತ್ತು. ಅರವತ್ತು ದಾಟಿದ ತೆಳು ಮನುಷ್ಯ, ಕಿವಿಯ ಮೇಲೆ ಸೀಮೆಸುಣ್ಣದ ತುಂಡು. ನಾನು ಅಗಲ ಟೈರು ಹಾಕಬೇಕು ಎಂದೆ. ಅವರು ನಕ್ಕರು.

"ಅಗಲದ್ದು ಮರಳಿಗೆ ಸಾಬ್. ಎರೆಗೆ ಸಣ್ಣದೇ ಬೇಕು. ಕೆಸರು ಕೊಯ್ಕೊಂಡು ಕೆಳಗಿನ ಗಟ್ಟಿ ನೆಲ ಹಿಡೀಬೇಕು. ಅಗಲ ಹಾಕಿದ್ರೆ ಮಣ್ಣು ಮೆತ್ಕೊಂಡು ರೊಟ್ಟಿ ಆಗ್ತದೆ."

"ಕೇಳಿಸ್ಕೊಂಡ್ಯೇನ್ಲೇ ಮೇಷ್ಟ್ರೇ? ನಿನ್ನ ಮೊಬೈಲಿನ ಗುರುಗಳಿಗೆ ನಮ್ಮ ಎರೆ ಗೊತ್ತಿಲ್ಲ" ಎಂದ ತಿಪ್ಪೇಶ.

ಹಳೆಯದೇ ಆದರೂ ಹಲ್ಲು ಚೆನ್ನಾಗಿದ್ದ ನಾಲ್ಕು ಸಣ್ಣ ಟೈರು, ಗುಜರಿಯಿಂದ ತಂದ ಲಾರಿಯ ಪಟ್ಟಿ ಸೇರಿಸಿ ಎತ್ತರಿಸಿದ ಸ್ಪ್ರಿಂಗು, ಇಂಜಿನ್ ಗಾಳಿ ಎಳೆಯಲು ಬಾನೆಟ್ಟಿನ ಮೇಲಕ್ಕೆ ತಂದ ಬೋರ್‌ವೆಲ್ ಪೈಪು. ಇಷ್ಟಕ್ಕೆ ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಯುತ್ತಿತ್ತು. ಮುಖ್ಯವಾದದ್ದು ಮಾತ್ರ ಉಳಿದಿತ್ತು. ಹಿಂದಿನ ಎರಡು ಚಕ್ರಗಳ ನಡುವೆ ಇರುವ ಡಿಫರೆನ್ಷಿಯಲ್, ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಉರುಳಲು ಬಿಡುತ್ತದೆ. ಕೆಸರಿನಲ್ಲಿ ಅದೇ ಶತ್ರು: ಒಂದು ಚಕ್ರ ಸುಮ್ಮನೆ ಗಿರಗಿರ ತಿರುಗಿದರೆ ಇನ್ನೊಂದು ನಿಂತುಬಿಡುತ್ತದೆ. ಬೇಕಾದಾಗ ಮಾತ್ರ ಎರಡನ್ನೂ ಬಿಗಿಯುವ ಸಾಧನವಿದೆ, ಅದರ ಬೆಲೆ ಜೀಪಿಗಿಂತ ಹೆಚ್ಚು. ಬಡವರ ದಾರಿ, ಒಳಗಿನ ಹಲ್ಲುಗಳನ್ನು ವೆಲ್ಡ್ ಮಾಡಿಬಿಡುವುದು. ಆಗ ಎರಡೂ ಚಕ್ರ ಯಾವಾಗಲೂ ಒಟ್ಟಿಗೇ ತಿರುಗುತ್ತವೆ. ಅದನ್ನು ಸೂಚಿಸಿದವನು ನಾನು. ಇದರಲ್ಲಿ ನನಗೆ ಅನುಮಾನವಿಲ್ಲ.

ಸಾಬರು ಬಹಳ ಹೊತ್ತು ಒಪ್ಪಲಿಲ್ಲ. ದುಬಾರಿ ಸಾಧನ ಮಾರಲು ಹೀಗಾಡುತ್ತಿದ್ದಾರೆಂದು ತಿಪ್ಪೇಶನ ಕಿವಿಯಲ್ಲಿ ಹೇಳಿದೆ. ಕೊನೆಗೆ ಅವರು ಹೇಳಿದರು: "ಆಯ್ತು, ಮಾಡ್ತೀನಿ. ಆದ್ರೆ ಓಡ್ಸೋರು ನನ್ನ ಪಕ್ಕ ಕೂತು ಡಾಂಬರ್ ಮ್ಯಾಲೆ ಒಂದು ರೌಂಡ್ ಹೊಡೀಬೇಕು. ಆಮ್ಯಾಲೇ ಚಾವಿ. ಬ್ಯಾಡ ಅನ್ಸಿದ್ರೆ ಬಿಚ್ಚಿ ಹಳೇದು ಹಾಕ್ತೀನಿ."

"ಏನಾಗ್ತದೆ ಅಂತ ಬಾಯಲ್ಲೇ ಹೇಳ್ರಲ್ಲ" ಎಂದೆ.

"ಬಾಯಲ್ಲಿ ಹೇಳಿದ್ರೆ ಯಾರು ಕೇಳ್ತಾರೆ? ಸ್ಟೇರಿಂಗು ಹೇಳ್ಬೇಕು."

ಅದು ಅವರ ಪದ್ಧತಿ. ಅದೇ ಮಧ್ಯಾಹ್ನ ಒಬ್ಬ ಟೆಂಪೊ ಚಾಲಕನನ್ನು ಹೀಗೇ ಕೂರಿಸಿಕೊಂಡು ಪೇಟೆಯ ತಿರುವಿನವರೆಗೆ ಹೋಗಿ ಬಂದದ್ದನ್ನು ನೋಡಿದೆ.

ರಾತ್ರಿ ಲಾಡ್ಜಿನಲ್ಲಿ ಉಳಿದೆವು. ಶುಕ್ರವಾರ ಜುಮ್ಮಾ ನಮಾಜಿಗೆ ಹೋಗಿ ಬಂದು, ಎರಡು ಗಂಟೆಯ ಹೊತ್ತಿಗೆ ಸಾಬರು ಕೆಲಸ ಮುಗಿಸಿದರು. ಇಲ್ಲಿಂದ ನನ್ನ ನೆನಪು ನಂಬಿಕೆಗೆ ಅರ್ಹವಲ್ಲ. ತಿಪ್ಪೇಶ ಹಗ್ಗ, ಜಾಕು ತರಲು ಪೇಟೆಗೆ ಹೋಗಿದ್ದ. ಬಂದ ಕೂಡಲೇ ಹೊರಟೆವು. ರೌಂಡಿನ ಬಗ್ಗೆ ನನ್ನಲ್ಲಿ ಎರಡು ಚಿತ್ರಗಳಿವೆ. ಒಂದರಲ್ಲಿ ನಾನು ಷೆಡ್ಡಿನ ಬಾಗಿಲಲ್ಲಿ ನಿಂತಿದ್ದೇನೆ, ಜೀಪು ದೂರ ಹೋಗುತ್ತಿದೆ. ಇನ್ನೊಂದರಲ್ಲಿ ಸಾಬರ ಕೈ ಡ್ಯಾಶ್‌ಬೋರ್ಡಿನ ಸರಳನ್ನು ಬಿಗಿಯಾಗಿ ಹಿಡಿದಿರುವುದು ಬಹಳ ಹತ್ತಿರದಿಂದ ಕಾಣುತ್ತದೆ. ಎರಡನೆಯದು ಯಾವುದೋ ವಿಡಿಯೊದಿಂದ ಬಂದು ಸೇರಿಕೊಂಡಿರಬಹುದೆಂದು ವಾರಗಟ್ಟಲೆ ನಂಬಿದ್ದೆ.

ಚಳ್ಳಕೆರೆಯಿಂದ ರಾಂಪುರದವರೆಗೆ ಹೆದ್ದಾರಿ ನೇರ. ತಿಪ್ಪೇಶನೇ ಓಡಿಸಿದ. ಬಿ.ಜಿ. ಕೆರೆಯಲ್ಲಿ ನಿಲ್ಲಿಸಿ ಮಂಡಕ್ಕಿ ತಿಂದೆವು. ಹೋಟೆಲಿನ ಮುಂದೆ ಜೀಪು ತಿರುಗಿಸುವಾಗ ಹಿಂದಿನ ಟೈರು ಕಿರ್ರೆಂದಿತು.

"ಏನ್ಲೇ ಅದು?"

"ಕೆಸರಿನ ಟೈರಲ್ವಾ, ಡಾಂಬರ್ ಮೇಲೆ ಹಾಗೇ ಅನ್ನತ್ತೆ" ಎಂದೆನೆಂದು ತೋರುತ್ತದೆ. ಅಥವಾ ಅವನೇ ಹಾಗೆಂದುಕೊಂಡು ಸುಮ್ಮನಾದನೋ ಏನೋ.

ಮಳೆಗೆ ಮೊದಲೇ ತೋಟದ ಮನೆ ಸೇರಿದೆವು. ರಾತ್ರಿಯಿಡೀ ಮಳೆ ಹೊಡೆಯಿತು. ಶನಿವಾರ ಬೆಳಿಗ್ಗೆ ತೋಟದ ಮನೆಯ ಮುಂದೆ ನಿಂತು ನೋಡಿದರೆ ದಾರಿಯೇ ಇಲ್ಲ, ಕಪ್ಪು ಹುದುಲು ಮಾತ್ರ. ತಿಪ್ಪೇಶನ ಅವ್ವ ಜಗುಲಿಯಿಂದ ಕೂಗಿದಳು: "ಬ್ಯಾಡ ಕಣಪ್ಪಾ, ಹೂತ್ಕಂಡ್ರೆ ಎಳಿಯೋರು ಯಾರು?" ಅವನು ಫಸ್ಟ್ ಗಿಯರಿನಲ್ಲಿ ಬಿಟ್ಟ. ಮೊದಲ ಹಳ್ಳದಲ್ಲಿ ಜೀಪು ಒಮ್ಮೆ ಕುಸಿದು, ಹಿಂದಿನ ಎರಡೂ ಚಕ್ರ ಒಟ್ಟಿಗೇ ಕಚ್ಚಿ, ಎದ್ದು ಮುಂದೆ ಹೋಯಿತು. ಮೂರು ಕಿಲೋಮೀಟರಿಗೆ ಅರ್ಧ ಗಂಟೆ. ಎಲ್ಲಿಯೂ ನಿಲ್ಲಲಿಲ್ಲ. ಡಾಂಬರು ಮುಟ್ಟಿದಾಗ ತಿಪ್ಪೇಶ ಸ್ಟಿಯರಿಂಗಿಗೆ ಹಣೆ ಹಚ್ಚಿ ಒಂದು ನಿಮಿಷ ಹಾಗೇ ಕುಳಿತಿದ್ದ.

"ಲೇ, ಇನ್ನ ಗೂಡು ಮನೇಲಿ ಕೊಳೆಯಲ್ಲ. ಬಾ, ಮೊಳಕಾಲ್ಮೂರಿಗೆ ಹೋಗಿ ಗೂಡು ಕೊಳ್ಳೋ ಆ ನೂಲಿನೋನಿಗೆ ತೋರ್ಸಾಣ. ಹೋದ ವರ್ಷ ನಗಾಡಿದ್ದ, ನನ್ ಮಗ."

ಮೊಳಕಾಲ್ಮೂರಿನ ಬಂಡೆ ಗುಡ್ಡಗಳು ಕಾಣತೊಡಗಿದ ಮೇಲೆ ರಸ್ತೆ ಎಡಕ್ಕೆ ತಿರುಗುತ್ತದೆ. ತುಂತುರು ಮಳೆ. ವೇಗ ಬಹಳವೇನೂ ಇರಲಿಲ್ಲ, ಐವತ್ತರ ಆಸುಪಾಸು. ಅವನು ಸ್ಟಿಯರಿಂಗ್ ಎಡಕ್ಕೆ ಎಳೆದ. ಮುಂದಿನ ಚಕ್ರಗಳು ತಿರುಗಿದವು, ಜೀಪು ತಿರುಗಲಿಲ್ಲ. ಹಿಂದಿನ ಚಕ್ರಗಳೆರಡೂ ಒಂದೇ ಸಮನೆ ತಳ್ಳಿ ಅದನ್ನು ನೇರ ಮೋರಿಯ ಗೋಡೆಗೆ ಒಯ್ದವು. ಬಡಿದದ್ದು ಬಲಬದಿ.

ರಸ್ತೆಯ ತುಂಬ ಬಿಳಿ ಗೂಡುಗಳು ಚೆಲ್ಲಿ ನೀರಲ್ಲಿ ತೇಲುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಹೆಂಡತಿಗೆ ಅದನ್ನೇ ವಿವರಿಸಿ ಹೇಳಿದ್ದೆ. ಆದರೆ ಆ ದಿನ ಜೀಪು ಖಾಲಿಯಿತ್ತು. ಗೂಡುಗಳು ಇನ್ನೂ ತೋಟದ ಮನೆಯ ಚಂದ್ರಿಕೆ ತಟ್ಟೆಗಳಲ್ಲೇ ಇದ್ದವೆಂದು ಅವನ ಅವ್ವ ಹೇಳಿದಳು. ಹಾಗಾದರೆ ನಾನು ಕಂಡದ್ದೇನು?

ತಿಪ್ಪೇಶನನ್ನು ಮೊಳಕಾಲ್ಮೂರಿನಿಂದ ಬಳ್ಳಾರಿಗೆ ಕಳಿಸಿದರು. ಬಲಗಾಲನ್ನು ಮಂಡಿಯ ಮೇಲೆ ತೆಗೆಯಬೇಕಾಯಿತು. ತಲೆಗೂ ಪೆಟ್ಟಾಗಿತ್ತು, ಗುರುವಾರದಿಂದೀಚೆಗಿನ ಯಾವುದೂ ತಿಪ್ಪೇಶನಿಗೆ ನೆನಪಿಲ್ಲ. ಎರೆ ದಾಟಿದ್ದು ಕೂಡ. ಹೀಗಾಗಿ ನೆನಪಿರಬೇಕಾದವನು ನಾನೊಬ್ಬನೇ ಉಳಿದೆ.

ಆಸ್ಪತ್ರೆಯಲ್ಲಿ ಎಲ್ಲರೂ ಸುತ್ತುವರಿದು ಕೇಳಿದಾಗ, ತಿಪ್ಪೇಶನೇ ರೌಂಡ್ ಹೊಡೆದ ಎಂದಿದ್ದೆ. ಅವನ ದೊಡ್ಡಪ್ಪ ನಂಬಲಿಲ್ಲ. ನನ್ನನ್ನು ಕಾರಿಡಾರಿಗೆ ಕರೆದೊಯ್ದರು. "ರೌಂಡ್ ಹೊಡ್ದಿದ್ರೆ ನಮ್ಮ ಹುಡ್ಗ ಅಂಥ ಗಾಡಿ ತರ್ತಿದ್ನಾ? ನೀವು ಓದಿದೋರು ಮೇಷ್ಟ್ರೇ. ಸರಿಯಾಗಿ ನೆನಪು ಮಾಡ್ಕಳ್ರಿ. ಆ ಸಾಬ ಹೊಡ್ಸೇ ಇಲ್ಲ, ಅಲ್ವೇ?" ಅವರು ಹೇಳಿದ್ದು ತರ್ಕಬದ್ಧವಾಗಿತ್ತು. ಮರುದಿನ ಪೊಲೀಸರಿಗೆ ರೌಂಡ್ ನಡೆಯಲಿಲ್ಲವೆಂದು ಬರೆಸಿ ಸಹಿ ಹಾಕಿದೆ. ಆ ಹೇಳಿಕೆಯ ಮೇಲೆ ಮೌಲಾಲಿ ಸಾಬರ ಮೇಲೆ ಕೇಸಾಯಿತು.

ಹದಿನೈದು ದಿನಗಳ ನಂತರ ಅವರು ಫೋನ್ ಮಾಡಿದರು. ಬೈಯಲಿಲ್ಲ.

"ಸಾಬ್, ಕೇಸ್ ಆಗೈತೆ ಅಂತ ಯಾರೂ ಗಾಡಿ ತರ್ತಿಲ್ಲ. ನೀವೇ ಅಲ್ವಾ ರೌಂಡ್ ಹೊಡೆದಿದ್ದು?"

"ನನಗೆ ನೆನಪಿಲ್ಲ ಸಾಬ್ರೇ."

"ನೆನಪಿಲ್ಲ ಅಂದ್ರೆ, ನಡೀಲಿಲ್ಲ ಅಂತ ಯಾಕೆ ಬರೆಸಿದ್ರಿ?"

ಮುಂದಿನ ಭಾನುವಾರ ರಾಂಪುರಕ್ಕೆ ಹೋದೆ. ತಿಪ್ಪೇಶ ಜಗುಲಿಯಲ್ಲಿ ಗೋಡೆಗೊರಗಿ ಕುಳಿತಿದ್ದ. ಹುಳು ಮನೆಯ ಬಾಗಿಲು ಮುಚ್ಚಿತ್ತು.

"ಲೇ, ಅದು ಎರೆ ದಾಟ್ತಾ?" ಎಂದು ಕೇಳಿದ.

"ದಾಟಿತು. ಎಲ್ಲೂ ನಿಲ್ಲಲಿಲ್ಲ."

"ನನಗೆ ಅದಾದ್ರೂ ನೆನಪಿರಬಾರ್ದಿತ್ತಾ." ಆಮೇಲೆ ಕೇಳಿದ: "ಸಾಬ್ರು ಹೊಡ್ಸಲಿಲ್ಲ ಅಂತ ಬರ್ಸಿದೀಯಂತೆ. ಅವರು ಹಂಗೆ ಬಿಡೋ ಮನ್ಷ ಅಲ್ಲಲ್ಲೇ. ನಿಜ ಹೇಳು, ನೀನು ನೋಡಿದ್ದೇನು?"

"ನೋಡಿ ಬರ್ತೀನಿ" ಎಂದೆ. ಅದು ಅಸಂಬದ್ಧ ಉತ್ತರ. ಆದರೂ ಮಧ್ಯಾಹ್ನದ ಬಸ್ಸು ಹಿಡಿದು ಚಳ್ಳಕೆರೆಯಲ್ಲಿ ಇಳಿದೆ. ಷೆಡ್ಡಿಗೆ ಬೀಗ ಹಾಕಿತ್ತು. ಅಲ್ಲಿಂದ ಪೇಟೆಯ ತಿರುವಿನವರೆಗೆ ನಡೆದೆ. ತಿರುವಿನಲ್ಲಿ ಒಬ್ಬ ಹೆಂಗಸು ತಳ್ಳುಗಾಡಿಯಲ್ಲಿ ಮಿರ್ಚಿ ಕರಿಯುತ್ತಿದ್ದಳು. ಯಾವತ್ತೂ ನೋಡಿದ ಮುಖವಲ್ಲ ಎಂದುಕೊಂಡೆ. ಅವಳು ಜಾಲರಿ ಎತ್ತಿ ಹಿಡಿದು ನನ್ನನ್ನೇ ನೋಡಿದಳು.

"ಏನಪ್ಪಾ, ಇವತ್ತು ನಡ್ಕಂಡು ಬಂದೀಯ? ಪುಣ್ಯ ಕಟ್ಕಂಡೆ ಬಿಡು."

"ನನ್ನನ್ನ ನೋಡಿದೀಯೇನಮ್ಮ?"

"ನೋಡಿದೀಯ ಅಂತೀಯಲ್ಲ! ಮೌಲಾಲಿ ಸಾಬ್ರನ್ನ ಪಕ್ಕ ಕುಂಡ್ರಿಸ್ಕಂಡು ಜೀಪು ನನ್ನ ಗಾಡಿ ಮ್ಯಾಲೇ ತಂದೆ. ತಿರುಗಿಸಪ್ಪಾ ಅಂತ ಬಾಯಿ ಬಡ್ಕಂಡೆ. ಬಾಣಲೆ ತುಂಬ ಕಾದ ಎಣ್ಣೆ! ಗಾಡಿ ಹಿಂದಕ್ಕೆ ಎಳ್ದಿರ್ಲಿಲ್ಲ ಅಂದ್ರೆ ನಾನೂ ಬೋಂಡ ಆಗ್ತಿದ್ದೆ."

"ನಾನೇನಾ? ಇನ್ನೊಬ್ಬ ಇದ್ದ, ಗುಂಗುರು ಕೂದಲಿನವನು."

"ನಿನ್ನ ತಲೆ ಮ್ಯಾಲೆ ಕೂದ್ಲೆಲ್ಲೈತೆ? ನೀನೇ. ಇಳ್ದು ಬಂದು ತಪ್ಪಾಯ್ತಮ್ಮ ಅಂದೆ. ಸಾಬ್ರು ಬೈದ್ರಲ್ಲ, ಓಡ್ಸೋರು ಬೇರೇನಾ, ಮದ್ಲೇ ಹೇಳಕ್ಕೆ ಏನಾಗಿತ್ತು, ಅವರು ಬರೋವರ್ಗೂ ಚಾವಿ ಕೊಡಲ್ಲ ಅಂತ. ನೀನು ಮಳೆ ಬರ್ತೈತೆ, ಹೊತ್ತಾಗ್ತೈತೆ, ನಾನೇ ಅವನಿಗೆ ಹೇಳ್ತೀನಿ ಅಂತ ಚಾವಿ ಇಸ್ಕಂಡೆ. ಹೇಳಿದ್ಯೋ ಇಲ್ವೋ?"

ಅವಳ ಮಾತನ್ನೂ ಒಂದೇ ಸಾಕ್ಷಿಯೆಂದು ತಳ್ಳಿಹಾಕಬಹುದಿತ್ತು. ಎದುರಿನ ಗೊಬ್ಬರದ ಅಂಗಡಿಯವರನ್ನು ಕೇಳಿದೆ. ಕೂಗಾಟ ಕೇಳಿ ಹೊರಬಂದಿದ್ದ ಅವರೂ, ಅವರ ತಮ್ಮನೂ ಬೇರೆ ಬೇರೆಯಾಗಿ ನನ್ನ ಕಡೆಗೇ ಬೆರಳು ತೋರಿಸಿದರು.

ಸೋಮವಾರ ಶಾಲೆಗೆ ರಜೆ ಹಾಕಿ ಮೊಳಕಾಲ್ಮೂರಿನ ಠಾಣೆಗೆ ಹೋಗಿ, ಮೊದಲಿನ ಹೇಳಿಕೆ ತಪ್ಪೆಂದು ಬರೆಸಿ ಸಹಿ ಮಾಡಿದೆ. ನಂತರ ರಾಂಪುರಕ್ಕೆ ಹೋಗಿ ತಿಪ್ಪೇಶನಿಗೆ ಹೇಳಿದೆ. ನಾನು ಎದ್ದು ಹೊರಟಾಗ ಅವನು ಕೂರು ಎನ್ನಲಿಲ್ಲ. ಡಾಂಬರಿನವರೆಗೆ ಮೂರು ಕಿಲೋಮೀಟರ್ ನಡೆದೆ.

ಈ ಬರಹದಲ್ಲಿ ಹೊತ್ತು, ವೇಗ, ಮಾತುಗಳ ಕ್ರಮ ತಪ್ಪಿರಬಹುದು. ನಾನು ವಿಚಾರಿಸಿ ಖಚಿತಪಡಿಸಿಕೊಂಡದ್ದು ಒಂದೇ: ಶುಕ್ರವಾರ ಮಧ್ಯಾಹ್ನ ಮೌಲಾಲಿ ಸಾಬರು ರೌಂಡ್ ಹೊಡೆಸಿದ್ದರು, ಸ್ಟಿಯರಿಂಗ್ ಹಿಡಿದಿದ್ದವನು ನಾನು.