ಕಮಲಾಪುರದಲ್ಲಿ ನಾನು ಬರೆದ ಐದು ಕೊಡ

ಕಮಲಾಪುರದ ಮಾವನವರ ಪಡಸಾಲೆಯಲ್ಲಿ ಆ ಬೆಳಿಗ್ಗೆ ನಾವು ನಾಲ್ವರು ಕೂತಿದ್ದೆವು. ಕಂಬಕ್ಕೆ ಒರಗಿದ್ದವರು ಮಾವ. ಎಲೆಯಡಿಕೆ ತಟ್ಟೆಯನ್ನು ತಮ್ಮ ಕಡೆಗೇ ಎಳೆದುಕೊಂಡಿದ್ದವರು ಊರಗೌಡರು. ಅವರ ಪಕ್ಕದಲ್ಲಿ ಬಾಳೆತೋಟದ ಯಜಮಾನರು. ಕರಿ ಟೋಪಿ ಹಾಕಿಕೊಂಡು ಚಾಪೆಯ ಮೇಲೆ ಕಾಗದ ಹರವಿಕೊಂಡಿದ್ದವನು ನಾನು, ಆ ಮನೆಯ ಅಳಿಯ. ಒಳಬಾಗಿಲ ಮರೆಯಲ್ಲಿ ಅತ್ತೆ ನಿಂತಿದ್ದರು. ಅಳಿಯನೆದುರು ಅತ್ತೆ ಮಾತಾಡಬಾರದೆಂಬುದು ನಮ್ಮ ಮನೆಗಳ ರೀತಿ. ಮದುವೆಯಾಗಿ ಆರು ವರ್ಷವಾಗಿದ್ದರೂ ನನಗೆ ಅವರ ಬಳೆಯ ಸದ್ದಷ್ಟೇ ಪರಿಚಯ.

ಆಗ ನಿಜಾಮರ ಆಳ್ವಿಕೆ. ನಾನು ಕಲಬುರ್ಗಿಯ ಕಚೇರಿಯೊಂದರಲ್ಲಿ ಕಾರಕೂನ. ಕಮಲಾಪುರದ ಬಳಿ, ಬೆಣ್ಣೆತೊರೆ ನದಿಗೆ ಹೋಗಿ ಸೇರುವ ಒಂದು ಹಳ್ಳಕ್ಕೆ ಒಡ್ಡು ಹಾಕಿ ಕೆರೆ ಮಾಡಬೇಕೆಂದು ಹುಕುಂ ಬಂದಿತ್ತು. ಇಪ್ಪತ್ತು ವರ್ಷದ ಮೇಲೆ ಊರಿನ ಮನೆಬಳಕೆಗೆ ಎಷ್ಟು ನೀರು ಬೇಕಾದೀತು ಎಂದು ಅಂದಾಜು ಮಾಡಿ, ಅಷ್ಟನ್ನು ಕೆರೆಯಲ್ಲಿ ಉಳಿಸಿ, ಮಿಕ್ಕದ್ದನ್ನು ತೂಬಿನಿಂದ ಹೊಲತೋಟಗಳಿಗೆ ಬಿಡುವ ಯೋಜನೆ. ಅಂದಾಜಿನ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಕಚೇರಿಯ ಸಾಹೇಬರು ಹೇಳಿಕೊಟ್ಟ ದಾರಿ ಸರಳವಾಗಿತ್ತು: ಈಗ ಒಂದು ಮನೆಗೆ ದಿನಕ್ಕೆ ಎಷ್ಟು ಕೊಡ ಎಂದು ಕೇಳು, ಮನೆಗಳ ಸಂಖ್ಯೆಯಿಂದ ಗುಣಿಸು, ಮುಂದೆ ಹುಟ್ಟುವ ಮಕ್ಕಳಿಗೆಂದು ಕಾಲುಭಾಗ ಸೇರಿಸು.

ಗೌಡರು ಇದನ್ನು ಕೇಳಿ ನಕ್ಕರು. "ನಿನ್ನಿ ಉಂಡಿದ್ದು ನಮಗ ನೆನಪಿಲ್ಲ. ನಮ್ಮ ಅಳಿಯಂದ್ರು ಇನ್ನಾ ಹುಟ್ಟದವರ ನೀರಡಿಕಿ ಅಳಿಲಾಕತ್ತಾರ ನೋಡ್ರಿ!"

"ಒಂದ್ ಮನಿಗಿ ನಾಕ್ ಕೊಡ ಸಾಕಾಗ್ತಾವ," ಎಂದರು ತೋಟದವರು. "ಮನಿಗಂತ ಹೆಚ್ಚಿಟ್ರ ನಮ್ಮ ಬಾಳಿಗಿ ಏನ್ ಉಳೀತದ್ರಿ?"

"ಐದ್ ಬರಕೋರಿ," ಎಂದರು ಮಾವ. "ನಿಮ್ಮ ಹೆಂಡ್ತಿ ತವರೂರದ, ಕಮ್ಮಿ ಆಗಬಾರ್ದು."

ನಾನು ಐದು ಎಂದು ಬರೆದೆ. ಆಗ ಬಾಗಿಲ ಮರೆಯಿಂದ ದನಿ ಬಂತು. ನನಗಲ್ಲ, ಮಾವನಿಗೆ ಹೇಳಿದ ಹಾಗೆ.

"ಐದ್ ಅಂದವರು ಒಂದಿನಾರ ಕೊಡ ಹೊತ್ತಾರೇನ್ರಿ? ಇವತ್ತ ಹೊತ್ತೇರೂದ್ರಾಗ ಹದಿನಾಕ್ ಕೊಡ ತಂದೀನಿ. ಅಳಿಯಂದ್ರ ಜಳಕಕ್ಕ ನಾಕ್ ಹೋಗ್ಯಾವ."

ನನ್ನ ತಲೆಗೂದಲು ಇನ್ನೂ ಆರಿರಲಿಲ್ಲ. ಗೌಡರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಅಳಿಯಂದ್ರ ಮೈಯಾಗ ಕಲಬುರ್ಗಿ ಧೂಳ ಬಾಳ ಇತ್ತ ಅಂತ ಕಾಣ್ತದ," ಎಂದರು. ಎಲ್ಲರೂ ನಕ್ಕರು. ಮಾವನ ಮುಖ ಕೆಂಪಾಯಿತು. "ಏ, ಒಳಗ ನಡಿ. ಕಚೇರಿ ಮಾತಿನಾಗ ನಿಂದೇನದ?"

ಆ ಗಳಿಗೆಯಲ್ಲಿ ನಾನು "ಇರಲಿ ಬಿಡ್ರಿ, ಹೇಳಲಿ" ಎಂದಿದ್ದರೆ ಸಾಕಿತ್ತು. ಅಲ್ಲಿ ಕೂತ ಗಂಡಸರಲ್ಲಿ ಒಬ್ಬರ ಹೆಗಲಿಗೂ ಕೊಡ ಏರಿದ್ದಿಲ್ಲ. ನನ್ನದಕ್ಕೂ ಇಲ್ಲ. ಅದು ನನಗೆ ಅಲ್ಲಿಯೇ, ಆಗಲೇ ಹೊಳೆಯಿತು. ಆದರೂ ಅತ್ತೆಯ ಮಾತು ಕೇಳಿ ಲೆಕ್ಕ ಬರೆದ ಎಂದು ಕಚೇರಿಯಲ್ಲಿ ಆಡಿಕೊಂಡಾರೆಂಬ ಅಳುಕು. "ಹೆಣ್ಣಮಕ್ಕಳ ಲೆಕ್ಕ ಇರ್ಲಿ ಬಿಡ್ರಿ, ಮನಿ ಎಷ್ಟವ ಹೇಳ್ರಿ," ಎಂದೆ. ಬಳೆಯ ಸದ್ದು ಅಡಿಗೆಮನೆಯ ಕಡೆ ಹೋಯಿತು. ಈ ಮಾತನ್ನು ಇಲ್ಲಿ ಬರೆಯುವಾಗಲೂ ತಲೆ ತಗ್ಗುತ್ತದೆ.

ಕಲಬುರ್ಗಿಯ ಗಾಜಿಪುರದಲ್ಲಿದ್ದ ನಮ್ಮ ಮನೆಗೆ ಬಂದು, ನಡೆದದ್ದನ್ನು ತಮಾಷೆಯೆಂಬಂತೆ ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

"ಆರು ವರ್ಷದಾಗ ನಮ್ಮವ್ವ ನಿಮ್ಮ ಕಿವಿಗಿ ಬೀಳಂಗ ಮಾತಾಡಿದ್ದು ಅದೊಂದ ಸಲ. ಅದನ್ನೂ ಬರಕೋಲಿಲ್ಲೇನ್ರಿ?"

ಕಾಗದ ಇನ್ನೂ ನನ್ನ ಹತ್ತಿರವೇ ಇತ್ತು. ತಿದ್ದಲು ಮೂರು ದಿನ ಸಮಯವಿತ್ತು. ಮೂರು ದಿನವೂ ಅದನ್ನು ಬಿಚ್ಚಿ ನೋಡಿದೆ, ಮಡಚಿಟ್ಟೆ. ನಾಲ್ಕನೆಯ ದಿನ ಐದನ್ನು ಐದಾಗಿಯೇ ಇಟ್ಟು ಶುದ್ಧಪ್ರತಿ ಮಾಡಿ ಸಾಹೇಬರ ಮುಂದಿಟ್ಟೆ. ಅಕ್ಷರ ಚೆನ್ನಾಗಿದೆಯೆಂದು ಅವರು ಹೊಗಳಿದರು. ಹಲ್ಲು ಕಿರಿದು ಸಲಾಮು ಮಾಡಿದೆ.

ಕೆರೆಯಾಯಿತು. ನನ್ನ ಲೆಕ್ಕದಂತೆ ಒಳಗೆ ಒಂದು ಗುರುತಿನ ಕಲ್ಲು ನಿಲ್ಲಿಸಿದರು. ನೀರು ಆ ಕಲ್ಲಿಗೆ ಇಳಿಯುವ ತನಕ ತೂಬು ತೆರೆದೇ ಇರಬೇಕೆಂದು ಅಪ್ಪಣೆ. ಎರಡನೆಯ ಬೇಸಿಗೆಗೆ, ಕಲ್ಲಿನ ಕೆಳಗೆ ಮನೆಬಳಕೆಗೆಂದು ಉಳಿದಿದ್ದ ನೀರು ಮಳೆಗೆ ಎರಡು ತಿಂಗಳು ಇರುವಾಗಲೇ ತೀರಿತು. ಇಪ್ಪತ್ತು ವರ್ಷಕ್ಕೆಂದು ಬರೆದದ್ದು ಎರಡು ವರ್ಷಕ್ಕೂ ಸಾಲಲಿಲ್ಲ. ತೋಟದ ಬಾಳೆ ಮಾತ್ರ ಹಸಿರಾಗಿತ್ತು. ನಾನು ಸಾಹೇಬರ ಬಳಿ ಹೋಗಿ ತಪ್ಪು ನನ್ನದೆಂದು ಒಪ್ಪಿಕೊಂಡೆ. ಕಾಗದಪತ್ರವೆಲ್ಲ ಹೈದರಾಬಾದಿಗೆ ಹೋಗಿಯಾಗಿದೆ, ಈಗ ಏನೂ ಮಾಡಲು ಬರುವುದಿಲ್ಲ ಎಂದರು.

ಊರಿನ ಹೆಂಗಸರು ಒಡ್ಡಿನ ಕೆಳಗೆ, ಒಣಗಿದ ಹಳ್ಳದ ಉಸುಕಿನಲ್ಲಿ ಗುಂಡಿ ತೋಡಿ ನೀರು ತುಂಬತೊಡಗಿದರು. ಒಂದು ದಿನ ಅತ್ತೆ ಗುಂಡಿಗೆ ಬಗ್ಗಿದಾಗ ಅಂಚು ಕುಸಿದು ಬಿದ್ದರು; ಬಲಗೈ ಮುರಿಯಿತು. ಮಾವ ಬಂಡಿ ಕಟ್ಟಿ ಅವರನ್ನು ನಮ್ಮ ಮನೆಗೆ ಕರೆತಂದರು. ಕಲಬುರ್ಗಿಯಲ್ಲಿ ಎಲುಬು ಕೂಡಿಸಿ ಕಟ್ಟಿಸಿದೆವು. ಎರಡು ತಿಂಗಳು ನಮ್ಮಲ್ಲಿದ್ದು ಊರಿಗೆ ಮರಳಿದರು. ಎಲುಬು ಕೂಡಿತು, ಮೊಣಕೈ ಮಾತ್ರ ನೆಟ್ಟಗಾಗಲಿಲ್ಲ.