ಗದ್ದೆಯಲ್ಲಿ ಬೆಳೆದ ಹಕ್ಕಿ

ಸೋಮವಾರ ನನ್ನ ಮಗಳು ಮೊದಲ ಸಲ ಶಾಲೆಗೆ ಹೋಗಬೇಕು. ಪಾಠದ ಯೋಚನೆ ನನಗಿಲ್ಲ. ಅವಳ ಪಕ್ಕದಲ್ಲಿ ಯಾರು ಕೂರುತ್ತಾರೋ, ಕೂತವರು ಅವಳನ್ನು ಏನು ಮಾಡುತ್ತಾರೋ, ಅದೇ ತಲೆ ತಿನ್ನುತ್ತಿದೆ. ಮೈಸೂರಿನಲ್ಲಿ ಓದಿ ಬಂದವಳು ನಾನು. ಈ ಮದ್ದೂರಿನಲ್ಲಿ ನನಗೆ ಗೊತ್ತಿರುವ ಮಗು ಅಂದರೆ ಹಾಲು ತರುವ ಮಲ್ಲಿಗಮ್ಮನ ಮಗಳು ಪಟ್ಟಲಿ ಒಬ್ಬಳೇ. ಇಬ್ಬರೂ ಜೊತೆಗೆ ಹೋಗಲಿ ಎಂದರೆ ಮಲ್ಲಿಗಮ್ಮ ಒಪ್ಪಲಿಲ್ಲ.

"ಬುಡಿ ಕಣಮ್ಮ. ಇಸ್ಕೂಲಿಗೆ ಓಗಿ ನಾನು ಕಂಡಿದ್ದೇ ಸಾಕು."

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಆತಗೂರಿನ ಹುಡುಗಿ ಮಲ್ಲಿಗಮ್ಮ ಮಂಡ್ಯದ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳಂತೆ. ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಹಾಲು ಆಲಾಗುತ್ತಿತ್ತು, ಹೂವು ಊವಾಗುತ್ತಿತ್ತು. ಅಮಲ್ದಾರರ, ವಕೀಲರ ಮನೆಯ ಹುಡುಗಿಯರು ಬೇಕೆಂದೇ ಮಾತಾಡಿಸಿ ನಗುತ್ತಿದ್ದರು. ನಗದೆ ಇದ್ದವಳು ಗಾಡಿ ರಿಪೇರಿಯ ಮೆಹಬೂಬ್ ಪಾಷಾನ ಮಗಳು ಅಜೀಜಾ. ಮಲ್ಲಿಗಮ್ಮ ಅವಳ ಕಾಗುಣಿತ ತಿದ್ದಿಕೊಡುತ್ತಿದ್ದಳು. ಅಜೀಜಾ ಇವಳ ಬಾಯೆದುರು ಅಂಗೈ ಹಿಡಿಸಿ, "ಉಸಿರು ಕೈಗೆ ತಾಗಬೇಕು ಕಣೇ, ಆವಾಗಲೇ ಹ" ಎಂದು ಕಲಿಸುತ್ತಿದ್ದಳು.

ಇನ್‌ಸ್ಪೆಕ್ಟರು ಶಾಲೆ ನೋಡಲು ಬಂದ ದಿನ, "ನಿಮ್ಮೂರಲ್ಲಿ ಏನು ಬೆಳೀತೀರಮ್ಮ?" ಎಂದು ಕೇಳಿದರು. ಹ ತಪ್ಪಬಾರದು ಎಂದು ಮಲ್ಲಿಗಮ್ಮ ಎದೆ ತುಂಬ ಉಸಿರು ಎಳೆದುಕೊಂಡಳು.

"ಗದ್ದೇಲಿ ಹಕ್ಕಿ ಬೆಳೀತೀವಿ ಸ್ವಾಮಿ."

ಅಕ್ಕಿಗೂ ಹ ಹಚ್ಚಿಬಿಟ್ಟಿದ್ದಳು.

"ಅವ್ರೆಲ್ಲ ನಕ್ಕಿದ್ದು ಓಗ್ಲಿ ಕಣಮ್ಮ. ತಿರುಗಿ ನೋಡ್ತೀನಿ, ಅಜೀಜಾನೂ ನಗ್ತಾವ್ಳೆ. ಎಲ್ರಿಗಿಂತ ಜೋರಾಗಿ."

ಮಾರನೆಯ ದಿನದಿಂದ ಇವಳನ್ನು ಕಂಡರೆ ಹುಡುಗಿಯರು ಕೈಗಳನ್ನು ರೆಕ್ಕೆಯಂತೆ ಬಡಿಯುತ್ತಿದ್ದರು. ಅಜೀಜಾ ಬೇರೆ ಬೆಂಚಿಗೆ ಹೋದಳು. ಮಲ್ಲಿಗಮ್ಮ ಊರಿಗೆ ವಾಪಸಾದಳು. ಮದುವೆ ಮಾಡಿದರು, ಎಮ್ಮೆ ಕಟ್ಟಿದಳು.

"ಅಜೀಜಾ ಯಾತಕ್ಕೆ ನಕ್ಕಳೋ ಅವಳ ಬಾಯಲ್ಲೇ ಏಳುಸ್ಬುಡಿ," ಎಂದಳು ನನಗೆ. "ಸೋಮ್ವಾರ ಮಗೀನ ಕಳುಸ್ತೀನಿ."

ಅಜೀಜಾ ಈಗಲೂ ಮಂಡ್ಯದಲ್ಲೇ ಇದ್ದಾಳೆ. ಗಂಡ ನಿಜಾಮುದ್ದೀನನ ಮೋಟಾರು ಶೆಡ್ಡಿನಲ್ಲಿ ಫೋನಿದೆ. ಗುರುತಿಲ್ಲದವಳನ್ನು ಏನೆಂದು ಕೇಳುವುದು, ಮುಖಕ್ಕೆ ಹೊಡೆದ ಹಾಗೆ ಅಂದುಬಿಟ್ಟರೆ ಎಂದು ಹಿಂದೆಮುಂದೆ ನೋಡುತ್ತಾ ವಾರವೆಲ್ಲ ಕಳೆದೆ. ಕಡೆಗೆ ಶನಿವಾರ ನಮ್ಮ ಯಜಮಾನರ ಕಚೇರಿಗೇ ಹೋಗಿ ಟ್ರಂಕ್ ಕಾಲ್ ಹಾಕಿಸಿದೆ.

ಮಲ್ಲಿಗಮ್ಮನ ಹೆಸರು ಹೇಳುತ್ತಲೇ ಅಜೀಜಾಗೆ ಗೊತ್ತಾಯಿತು. ಆ ದಿನ ಯಾಕೆ ನಕ್ಕಿರಿ ಎಂದು ಕೇಳಿಯೇಬಿಟ್ಟೆ.

"ನಗದೆ ಏನು ಮಾಡ್ಲಿ? ನಗದಿದ್ರೆ ಮಾರನೇ ದಿನ ನನ್ನ ಕನ್ನಡಕ್ಕೆ ನಗ್ತಿದ್ರು," ಎಂದಳು. "ಅವಳು ಹೋದ ಮೇಲೆ ನಕ್ಕೇ ನಕ್ಕರು."

"ಹಾಗಂತಲೇ ಅವಳಿಗೆ ಹೇಳಲಾ? ಅಷ್ಟು ಹೇಳಿದರೆ ಮಗಳನ್ನ ಶಾಲೆಗೆ ಕಳಿಸ್ತಾಳೆ."

ಆ ಕಡೆ ಯಾರೋ ಕಬ್ಬಿಣ ಬಡಿಯುತ್ತಿದ್ದರು.

"ಕಳಿಸಬೇಡ ಅನ್ನಿ," ಎಂದಳು ಅಜೀಜಾ. "ನಾನೂ ನನ್ನ ಮಗಳನ್ನ ಕಳಿಸಿಲ್ಲ."