ಅಮೆರಿಕಕ್ಕೆ ಬಂದ ಸಂದೇಶ

ಮೈಮೇಲೆ ದೇವರು ಬರುತ್ತದೆ ಎಂಬುದನ್ನು ನಾನು ಎಂದೂ ನಂಬಿದವಳಲ್ಲ. ಗದಗಿನ ನಮ್ಮ ಓಣಿಯಲ್ಲಿ ಒಬ್ಬಾಕೆಗೆ ಅಮಾವಾಸ್ಯೆಗೊಮ್ಮೆ ಮೈದುಂಬುತ್ತಿತ್ತು. ಜನ ಕಾಯಿ ಕರ್ಪೂರ ಹಿಡಿದು ನಿಲ್ಲುತ್ತಿದ್ದರು. ಆ ದೇವರು ಆಕೆಗೆ ಆಗದವರನ್ನೇ ಆರಿಸಿ ಆರಿಸಿ ಬೈಯುವುದನ್ನು ನೋಡಿ ನಾನು ಮರೆಯಲ್ಲಿ ನಗುತ್ತಿದ್ದೆ. ಮುಂದೆ ಓದಿದ್ದು ಲೋಹಶಾಸ್ತ್ರ. ಸ್ವೀಡನ್ನಿನ ಸ್ಯಾಂಡ್‌ವಿಕೆನ್ ಎಂಬ ಉಕ್ಕಿನ ಊರಿನಲ್ಲಿ ಈಗ ನನ್ನ ಕೆಲಸವೆಂದರೆ ಉಕ್ಕು ಏಕೆ ಬಿರುಕು ಬಿಟ್ಟಿತು ಎಂದು ಹುಡುಕುವುದು. ಬಿರುಕಿಗೆ ಕಾರಣ ಇದ್ದೇ ಇರುತ್ತದೆ. ಸಿಗದಿದ್ದರೆ ಇನ್ನಷ್ಟು ತೆಳ್ಳಗೆ ಕತ್ತರಿಸಿ ನೋಡಬೇಕು, ಅಷ್ಟೇ. ಇಂಥವಳು ಬರೆದದ್ದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಹೆಚ್ಚಿನ ಭಾಗ ನಗುವಂಥದ್ದೇ.

ನಮ್ಮ ಎದುರು ಮನೆಯಲ್ಲಿ ಬಿರ್ಗಿಟ್ಟಾ ಎಂಬ ಹಿರಿಯ ಹೆಂಗಸು ಒಬ್ಬರೇ ಇದ್ದಾರೆ. ಅವರ ಮಗಳು ಅಮೆರಿಕ ಸೇರಿ ಅಲ್ಲೇ ಮದುವೆಯಾಗಿ ಬಹಳ ವರ್ಷಗಳಾದವು. ಮೊಮ್ಮಗ ಆಸ್ಕರ್ ಅಲ್ಲಿನ ಸೈನ್ಯದಲ್ಲಿದ್ದ. ಆ ಚಳಿಗಾಲ ಅಮೆರಿಕ ಮತ್ತೊಂದು ಯುದ್ಧಕ್ಕೆ ಇಳಿಯುತ್ತದೆ ಎಂಬ ಸುದ್ದಿ ದಿನವೂ ಬರುತ್ತಿತ್ತು, ಬಿರ್ಗಿಟ್ಟಾ ಟೀವಿ ಹಾಕುವುದನ್ನೇ ಬಿಟ್ಟಿದ್ದರು. ಅದು ಸಾಲದೆಂಬಂತೆ ಮಗಳು ಚರ್ಚಿಗೆ ಹೋಗುವುದನ್ನು ನಿಲ್ಲಿಸಿ ಧ್ಯಾನ ಹಿಡಿದಿದ್ದಳು. ಅವಳು ಮದುವೆಯಾದ ಚರ್ಚನ್ನು ಮಾರಿ ಅಲ್ಲೊಂದು ವ್ಯಾಯಾಮಶಾಲೆ ತೆರೆದಿದ್ದರಂತೆ. ದೇವರನ್ನು ಖಾಲಿ ಮಾಡಿಸಿದ ದೇಶ ಯುದ್ಧಕ್ಕೆ ಹೋದರೆ ಅಲ್ಲಿನ ಹುಡುಗರನ್ನು ಕಾಯುವವರು ಯಾರು ಎಂಬುದು ಬಿರ್ಗಿಟ್ಟಾ ಅವರ ಚಿಂತೆ. ಧ್ಯಾನದ ವಿಷಯದಲ್ಲಿ ನನ್ನನ್ನೂ ತುಸು ಅನುಮಾನದಿಂದಲೇ ನೋಡುತ್ತಿದ್ದರು. ಕಣ್ಣು ಮುಚ್ಚಿಕೊಂಡು ಅದರಲ್ಲಿ ಏನು ಮಾಡುತ್ತಾರೆ ಎಂದು ಒಮ್ಮೆ ಕೇಳಿದರು. ನಾನು ಕೂತಾಗಲೆಲ್ಲ ನಿದ್ದೆ ಬಂದಿದೆ ಎಂದೆ. ಅದನ್ನು ಕೇಳಿ ಅವರಿಗೆ ಎಷ್ಟೋ ಸಮಾಧಾನವಾಯಿತು.

ನಮ್ಮ ಕಟ್ಟಡದ ಹಿಂದೆ, ಅಂಗಳ ದಾಟಿದರೆ, ಒಂದು ಸಣ್ಣ ಪ್ರಾರ್ಥನಾಮಂದಿರವಿದೆ. ಪ್ರತಿ ಶನಿವಾರ ಮಧ್ಯಾಹ್ನ ಬಿರ್ಗಿಟ್ಟಾ ಮತ್ತು ಅವರ ಜೊತೆಯ ಬೆರಳೆಣಿಕೆಯ ವೃದ್ಧರು ಅಲ್ಲಿ ಸೇರಿ ಅಮೆರಿಕಕ್ಕಾಗಿ ಪ್ರಾರ್ಥಿಸುತ್ತಿದ್ದರು. ನನ್ನನ್ನೂ ಕರೆದರು. ಅಷ್ಟು ದೊಡ್ಡ ದೇಶಕ್ಕೆ ಇಷ್ಟೇ ಜನ ಬೇಡಿಕೊಂಡರೆ ಸಾಕಾಗುವುದಿಲ್ಲ, ನಿನ್ನ ದೇವರ ಹೆಸರಲ್ಲೇ ಆಗಲಿ, ಬಂದು ಒಂದು ಕುರ್ಚಿ ತುಂಬು ಎಂದರು. ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ. ಹಿಂದಿನ ವಾರ ನೆಂಟರು ಬಂದು ಹೋಗಿ ಹಾಸಿಗೆ ಬಟ್ಟೆ ರಾಶಿ ಬಿದ್ದಿದ್ದಾಗ, ಇಡೀ ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಇರುವ ಒಂದೇ ಒಗೆಯುವ ಕೋಣೆಯಲ್ಲಿ ತಮಗಿದ್ದ ಸರದಿಯನ್ನು ಅವರು ನನಗೆ ಬಿಟ್ಟುಕೊಟ್ಟಿದ್ದರು. ಸ್ವೀಡನ್ನಿನಲ್ಲಿ ಇದ್ದವರಿಗೆ ಇದರ ಬೆಲೆ ಗೊತ್ತು. ಇಲ್ಲಿ ರಕ್ತದಾನ ಮಾಡುವವರು ಸಿಗುತ್ತಾರೆ, ಬಟ್ಟೆ ಒಗೆಯುವ ಸರದಿ ಕೊಡುವವರು ಸಿಗುವುದಿಲ್ಲ.

ನನ್ನ ಗಂಡ ಶ್ರೀಧರ ಬೆಂಗಳೂರಿನವರು. ಆ ಶನಿವಾರ ನೆಗಡಿ ಹಿಡಿದು ಸೋಫಾದ ಮೇಲೆ ಮುಸುಕು ಹಾಕಿಕೊಂಡಿದ್ದರು. ಒಂದು ಗಂಟೆಯಲ್ಲಿ ಬರುತ್ತೇನೆ ಎಂದು ಹೇಳಿ ನಾನು ಹೊರಟೆ. ಇನ್ನೂ ಸಂಜೆಯಾಗಿರಲಿಲ್ಲ, ಆದರೂ ನವೆಂಬರಿನ ಕತ್ತಲು ಇಳಿಯತೊಡಗಿತ್ತು. ಮಂದಿರದ ಬಾಗಿಲಲ್ಲಿ ಎಲ್ಲರಂತೆ ಬೂಟು ಬಿಚ್ಚಿ, ವೃತ್ತವಾಗಿ ಇಟ್ಟಿದ್ದ ಕುರ್ಚಿಗಳಲ್ಲಿ ಒಂದರ ಮೇಲೆ ಕೂತೆ. ಪಕ್ಕದ ಮೇಜಿನ ಮೇಲೆ ಕಾಫಿಯ ಫ್ಲಾಸ್ಕು, ದಾಲ್ಚಿನ್ನಿ ಬನ್ನು. ಎಲ್ಲರ ಕಣ್ಣೂ ಮುಚ್ಚಿತ್ತು, ನನ್ನದು ಬನ್ನಿನ ಕಡೆಗಿತ್ತು.

ಒಬ್ಬೊಬ್ಬರಾಗಿ ಪ್ರಾರ್ಥಿಸಿದರು. ಅಮೆರಿಕದ ಅಧ್ಯಕ್ಷರ ತಲೆ ತಣ್ಣಗಿರಲಿ ಎಂದು ಒಬ್ಬರು, ಅಲ್ಲಿನ ಚರ್ಚುಗಳಿಗೆ ಜನ ಮರಳಲಿ ಎಂದು ಇನ್ನೊಬ್ಬರು. ಬಿರ್ಗಿಟ್ಟಾ ಆಸ್ಕರನ ಹೆಸರು ಮಾತ್ರ ಹೇಳಿದರು. ಸರದಿ ನನ್ನ ಕಡೆಗೆ ಬರುತ್ತಿತ್ತು. ಅಮೆರಿಕಕ್ಕೆ ಒಳ್ಳೆಯದಾಗಲಿ ಎಂದು ಬೇಡಿಕೊಳ್ಳಲು ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ತಮ್ಮನ ವೀಸಾ ಅಲ್ಲೇ ಸಿಕ್ಕಿಕೊಂಡಿತ್ತು. ಆದರೆ ಹತ್ತು ಜನರ ಮುಂದೆ, ಅದೂ ಸ್ವೀಡಿಷಿನಲ್ಲಿ, ದೇವರ ಜೊತೆ ಮಾತಾಡಿ ನನಗೆ ರೂಢಿಯಿಲ್ಲ.

ನನ್ನ ಎಡಕ್ಕೆ ನಿಲ್ಸ್ ಎಂಬ ಮುದುಕರು ಕೂತಿದ್ದರು. ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿ ನಿವೃತ್ತರಾದವರು. ಹೆಚ್ಚು ಮಾತಿಲ್ಲ. ಅವರಿಗೆ ಅಪರೂಪಕ್ಕೆ 'ಅನ್ಯಭಾಷೆ' ಬರುತ್ತದೆ ಎಂದು ಬಿರ್ಗಿಟ್ಟಾ ಮೊದಲೇ ಹೇಳಿದ್ದರು. ಯಾರಿಗೂ ತಿಳಿಯದ ಮಾತು ಬಾಯಿಂದ ಬರುವುದು, ಇನ್ನೊಬ್ಬರು ಅದರ ಅರ್ಥ ಹೇಳುವುದು ಅವರಲ್ಲಿ ವಾಡಿಕೆ. ಈ ಮಂದಿರದಲ್ಲಿ ಅರ್ಥ ಹೇಳುವವರು ಬಿರ್ಗಿಟ್ಟಾ. ನಿಲ್ಸ್ ಗಂಟಲು ಸರಿಮಾಡಿಕೊಂಡು ಏನೋ ಗೊಣಗತೊಡಗಿದರು. ಗದಗಿನ ಓಣಿ ನೆನಪಾಗಿ ನನಗೆ ನಗು ಬಂತು, ಕೆಮ್ಮಿದಂತೆ ಮಾಡಿ ಬಾಯಿಗೆ ಕೈ ಅಡ್ಡ ಹಿಡಿದೆ.

ಆಗ ಅವರು ಹೇಳಿದರು. ಮೆತ್ತಗೆ, ಸ್ಪಷ್ಟವಾಗಿ, ಪಕ್ಕದ ಕೋಣೆಯಿಂದ ಯಾರೋ ಮನೆಯವರೇ ಹೇಳಿದಂತೆ:

"ಒಲಿ ಆರಸವಾ. ಹಾಲು ಹೊತ್ತಾಕ ಹತ್ತೇತಿ."

ಕನ್ನಡ. ಅದೂ ನಮ್ಮ ಕಡೆಯ ಕನ್ನಡ. ಬೆಂಗಳೂರಿನ ಗಂಡ, ಬೆಂಗಳೂರಿನ ಗೆಳತಿಯರು ಎಂದು ನಾನೇ ಆ ಮಾತನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಆ ಊರಿನಲ್ಲಿ ಹಾಗೆ ಮಾತಾಡುವವರು ಬೇರೆ ಯಾರೂ ಇರಲಿಲ್ಲ. ನಿಲ್ಸ್ ಮುಂದೆ ನಾನಂತೂ ಅದುವರೆಗೆ ಕನ್ನಡದ ಒಂದಕ್ಷರವನ್ನೂ ಆಡಿರಲಿಲ್ಲ. ನನ್ನ ಕೈ ಬಾಯಿಯ ಮೇಲೆಯೇ ಉಳಿಯಿತು.

ಬಿರ್ಗಿಟ್ಟಾ ಇನ್ನೇನೋ ಬರಲಿದೆ ಎಂಬಂತೆ ಕಾದು, ಕಣ್ಣು ಮುಚ್ಚಿಕೊಂಡೇ ಅರ್ಥ ಹೇಳಿದರು.

"ಹಾಲು ಹರಿಯುವ ನಾಡೇ, ಬೆಂಕಿ ಆರಿಸು. ನಿನಗೆ ಕೊಟ್ಟ ಹಾಲು ಸುಡುತ್ತಿದೆ."

ಎಲ್ಲರೂ ಆಮೆನ್ ಎಂದರು. ಅಮೆರಿಕಕ್ಕೆ ಇದಕ್ಕಿಂತ ಸರಿಯಾದ ಸಂದೇಶ ಬೇಕೇ? ಒಬ್ಬರು ಕಣ್ಣೊರೆಸಿಕೊಂಡರು. ನಾನು ಮಾತ್ರ ಹಾಲಿನ ವಿಚಾರದಲ್ಲಿದ್ದೆ. ನಾನು ಒಲೆಯ ಮೇಲೆ ಏನನ್ನೂ ಇಟ್ಟು ಬಂದಿರಲಿಲ್ಲ. ಅದು ನನಗೆ ಖಚಿತವಾಗಿ ಗೊತ್ತಿತ್ತು. ಆದರೂ ಕಾಲುಗಳು ನನ್ನನ್ನು ಕೇಳದೆ ಎದ್ದವು. ಕುರ್ಚಿ ಹಿಂದಕ್ಕೆ ಬಿತ್ತು. ನನ್ನ ಮೇಲೆಯೇ ಪವಿತ್ರಾತ್ಮ ಇಳಿಯಿತೆಂದು ತಿಳಿದು ಯಾರೋ ಹಲ್ಲೆಲೂಯ ಎಂದರು. ನಾನು ಕಾಲುಚೀಲದಲ್ಲೇ ಹಿಮ ತುಳಿದುಕೊಂಡು ಅಂಗಳ ದಾಟಿ ಓಡಿದೆ.

ಮನೆ ಬಾಗಿಲು ತೆಗೆದಾಗ ಹೊಗೆ ಮುಖಕ್ಕೆ ಬಡಿಯಿತು. ಒಲೆಯ ಮೇಲೆ ಹಾಲಿನ ಪಾತ್ರೆ ಕೆಂಡದಂತಾಗಿತ್ತು. ಪಕ್ಕದಲ್ಲಿದ್ದ ಒರೆಸುವ ಬಟ್ಟೆಯ ಅಂಚಿಗೆ ಆಗಲೇ ಕಿಡಿ ತಾಗಿ ಅದು ಗೋಡೆಯ ಕಪಾಟಿನ ಕಡೆಗೆ ಉರಿಯತೊಡಗಿತ್ತು. ಬಟ್ಟೆಯನ್ನು ತೊಟ್ಟಿಗೆ ಎಳೆದುಹಾಕಿ ನೀರು ಬಿಟ್ಟೆ, ಒಲೆ ಆರಿಸಿದೆ, ಕಿಟಕಿಗಳನ್ನೆಲ್ಲ ತೆರೆದೆ. ಶ್ರೀಧರ ಸೋಫಾದ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದರು. ಎರಡು ಸಲ ಅಲುಗಾಡಿಸಿದರೂ ಏಳಲಿಲ್ಲ. ಆ ಒಂದು ಗಳಿಗೆ ನನಗೆ ಏನಾಯಿತು ಎಂಬುದನ್ನು ಇಲ್ಲಿ ಬರೆಯಲಾರೆ. ಮೂರನೆಯ ಸಲ ಜೋರಾಗಿ ಎಳೆದಾಗ ಕೆಮ್ಮುತ್ತ ಎದ್ದು ಕೂತು, ಯಾಕಿಷ್ಟು ಚಳಿ, ಕಿಟಕಿ ಯಾಕೆ ತೆಗೆದೆ ಎಂದು ಕೇಳಿದರು.

ನಡೆದದ್ದು ಇಷ್ಟು. ನಾನು ಹೋದ ಮೇಲೆ ಗಂಟಲಿಗೆ ಹಿತವಾಗಲೆಂದು ಅರಿಶಿನದ ಹಾಲು ಕಾಯಿಸಲು ಇಟ್ಟಿದ್ದಾರೆ. ನೆಗಡಿಯ ಮಾತ್ರೆ ಕೆಲಸ ಮಾಡಿದೆ. ಹೊಗೆ ಬಂದರೆ ಕೂಗುವ ಯಂತ್ರ ಪ್ರತಿ ಒಗ್ಗರಣೆಗೂ ಕೂಗುತ್ತದೆ ಎಂದು ಅವರೇ ಅದನ್ನು ಬಿಚ್ಚಿ ಡ್ರಾಯರಿನಲ್ಲಿ ಮಲಗಿಸಿದ್ದರು.

ಅಷ್ಟರಲ್ಲಿ ಬಿರ್ಗಿಟ್ಟಾ ನನ್ನ ಬೂಟು ಹಿಡಿದು ಏದುಸಿರು ಬಿಡುತ್ತ ಬಂದರು. ಹೊಗೆ ನೋಡಿದರು, ಪಾತ್ರೆಯ ಒಳಗೆ ಇಣುಕಿದರು, ವಾಸನೆ ನೋಡಿದರು. ಆಮೇಲೆ ಅಡುಗೆಮನೆಯ ಕುರ್ಚಿಯ ಮೇಲೆ ನಿಧಾನವಾಗಿ ಕೂತು ಬೂಟುಗಳನ್ನು ಮಡಿಲಲ್ಲಿ ಇಟ್ಟುಕೊಂಡರು.

ಆ ಸಂಜೆ ಶ್ರೀಧರರಿಗೆ ಎಲ್ಲ ಹೇಳಿದೆ. ಅವರಿಗೆ ಉತ್ತರ ಸಿದ್ಧವಿತ್ತು. "ಅವ್ರು ಸ್ವೀಡಿಷಲ್ಲೇ ಏನೋ ಗೊಣಗಿರ್ತಾರೆ ಕಣೇ, ನಿಂಗೆ ಹಂಗೆ ಕೇಳ್ಸಿದೆ. ಒಲೆ ಆಫ್ ಮಾಡಿದ್ನೋ ಇಲ್ವೋ ಅಂತ ನಿಂಗೆ ಯಾವಾಗ್ಲೂ ಡೌಟು."

"ಹಾಲು ಇಟ್ಟಿದ್ದು ನಾನಲ್ಲರೀ, ನೀವು," ಎಂದೆ.

ಅವರು ಸ್ವಲ್ಪ ಯೋಚಿಸಿ ಮೂಗು ಸೀದಿಕೊಂಡರು. ಮರುದಿನ ಬೆಳಿಗ್ಗೆ ಏಣಿ ಹತ್ತಿ ಆ ಯಂತ್ರವನ್ನು ಮತ್ತೆ ಸೂರಿಗೆ ಹಾಕಿದರು.

ಬಿರ್ಗಿಟ್ಟಾ ಎರಡು ದಿನ ಬಿಟ್ಟು ನನ್ನನ್ನು ಕಾಫಿಗೆ ಕರೆದರು. ನಿಲ್ಸ್ ಆಡಿದ್ದು ನಿನ್ನ ಭಾಷೆಯೇ ಎಂದು ನೇರವಾಗಿ ಕೇಳಿದರು. ಗೋಡೆಯ ಮೇಲೆ ಸಮವಸ್ತ್ರದಲ್ಲಿ ಆಸ್ಕರನ ಫೋಟೋ ಇತ್ತು, ದೊಡ್ಡ ಕಿವಿಯ ಹುಡುಗ. ಅಲ್ಲ ಎಂದುಬಿಡೋಣ ಎನ್ನಿಸಿತು. ಹೌದು ಎಂದರೆ ಆ ಸಂದೇಶ ಅಮೆರಿಕದ್ದಲ್ಲ, ನನ್ನ ಅಡುಗೆಮನೆಯದ್ದು ಎಂದಾಗುತ್ತದೆ. ಹಾಗಾದರೆ ಅಷ್ಟು ಶನಿವಾರ ಬೇಡಿಕೊಂಡ ಈ ಅಜ್ಜಿಗೆ ಮೊಮ್ಮಗನ ಬಗ್ಗೆ ಯಾರೂ ಏನನ್ನೂ ಹೇಳಿಲ್ಲ ಎಂದಾಗುತ್ತದೆ. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಸುಳ್ಳು ಹೊರಗೆ ಬರಲಿಲ್ಲ. ಹೌದು ಎಂದೆ, ಮಾತಿನ ಅರ್ಥವನ್ನೂ ಹೇಳಿದೆ.

ಅವರು ಬಹಳ ಹೊತ್ತು ಲೋಟದಲ್ಲಿ ಚಮಚ ತಿರುಗಿಸಿದರು.

"ನನಗೆ ಜೇನು ಬರಲಿಲ್ಲ," ಎಂದರು ಕೊನೆಗೆ. "ಬೈಬಲ್ಲಿನಲ್ಲಿ ಅದು ಹಾಲೂ ಜೇನೂ ಹರಿಯುವ ನಾಡು. ಹಾಲು ಬಂದ ಮೇಲೆ ಜೇನೂ ಬರಬೇಕಲ್ಲವೇ? ಕಾದೆ. ಬರಲೇ ಇಲ್ಲ. ಆಗಲೇ ಏನೋ ಸರಿಯಿಲ್ಲ ಅನ್ನಿಸಿತ್ತು."

ನನಗೆ ನಗು ಬಂತು, ಅವರಿಗೂ ಬಂತು. ನಕ್ಕು ಮುಗಿದ ಮೇಲೆ ಅವರ ಕಣ್ಣು ಒದ್ದೆಯಾಗಿತ್ತು. "ಪರವಾಗಿಲ್ಲ. ಅಷ್ಟು ದೊಡ್ಡ ದೇಶದ ಗದ್ದಲದಲ್ಲಿ ದೇವರಿಗೆ ನಿನ್ನ ಹಾಲಿನ ಪಾತ್ರೆ ಕಂಡಿದೆ. ನನ್ನ ಹುಡುಗ ಪಾತ್ರೆಗಿಂತ ದೊಡ್ಡವನು," ಎಂದರು.

ಆ ಯುದ್ಧ ಆಗಲಿಲ್ಲ. ಕೆಲವು ತಿಂಗಳು ಬೆದರಿಕೆಯ ಮಾತುಗಳು ಹಾರಾಡಿ, ಆಮೇಲೆ ಪತ್ರಿಕೆಗಳು ಬೇರೆ ವಿಷಯ ಹಿಡಿದವು. ಪ್ರಾರ್ಥನೆಯ ಫಲ ಎಂದರು ಮಂದಿರದವರು. ಎಣ್ಣೆಯ ಬೆಲೆಯ ಫಲ ಎಂದರು ಶ್ರೀಧರ. ಬೇಸಿಗೆಯಲ್ಲಿ ಆಸ್ಕರ್ ರಜೆ ಹಾಕಿ ಅಜ್ಜಿಯ ಮನೆಗೆ ಬಂದ. ಅವನ ತಾಯಿಯೂ ಬಂದಿದ್ದಳು, ಬೆಳಿಗ್ಗೆ ಬಾಲ್ಕನಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಬಿರ್ಗಿಟ್ಟಾ ಅವಳ ಹಿಂದೆ ಸದ್ದಾಗದಂತೆ ಹೆಜ್ಜೆ ಇಟ್ಟು ಹೂಗಿಡಗಳಿಗೆ ನೀರು ಹಾಕುವುದನ್ನು ನಾನೇ ನೋಡಿದೆ.

ಆ ಹುಡುಗನಿಗಾಗಿ ಅಂಗಳದಲ್ಲಿ ಕಾಫಿ ಇಟ್ಟುಕೊಂಡಿದ್ದ ದಿನ ನಿಲ್ಸ್ ನನ್ನ ಪಕ್ಕಕ್ಕೆ ಬಂದು ಕೂತರು. ಆ ಮಾತನ್ನು ಎಲ್ಲಿ ಕಲಿತಿರಿ, ಯಾರ ಬಾಯಲ್ಲಾದರೂ ಕೇಳಿದ್ದೀರಾ ಎಂದು ನಾನು ಚಳಿಗಾಲದಲ್ಲೇ ಅವರನ್ನು ವಿಚಾರಿಸಿದ್ದೆ. ಬಾಯಿ ಬಿಸಿಯಾಗುತ್ತದೆ, ಏನು ಹೇಳಿದೆ ಎಂಬುದು ಆಮೇಲೆ ನೆನಪಿರುವುದಿಲ್ಲ ಎಂದಷ್ಟೇ ಹೇಳಿದ್ದರು. ಈಗ ತಾವೇ ಮಾತು ತೆಗೆದರು. ಅವರ ದನಿಯಲ್ಲಿ ಒಂದು ಬಗೆಯ ನಾಚಿಕೆಯಿತ್ತು.

"ಹರೆಯದಿಂದ ನನಗೆ ಹೀಗೆ ಬರುತ್ತಿದೆ. ರಷ್ಯಕ್ಕೆ, ಇಸ್ರೇಲಿಗೆ, ಅಮೆರಿಕಕ್ಕೆ ಎಂದು ಎಲ್ಲರೂ ಅರ್ಥ ಹೇಳಿದರು, ನಾನೂ ನಂಬಿದೆ. ನಿನ್ನದು ಕೇಳಿದ ಮೇಲೆ ನಿದ್ದೆ ಬರುತ್ತಿಲ್ಲ. ಅವೂ ಎಲ್ಲೋ ಯಾರದೋ ಒಲೆಯ ವಿಷಯವೇ ಆಗಿದ್ದರೆ? ಆ ಒಲೆಯವರು ಯಾರೂ ನಿನ್ನಂತೆ ಆ ದಿನ ನನ್ನ ಪಕ್ಕದಲ್ಲಿ ಕೂತಿರಲಿಲ್ಲವಲ್ಲ."

ಪ್ರಯೋಗಾಲಯದಲ್ಲಾಗಿದ್ದರೆ ಇನ್ನೊಂದು ತುಂಡು ಕತ್ತರಿಸಿ ನೋಡುತ್ತಿದ್ದೆ. ಇಲ್ಲಿ ಕತ್ತರಿಸಲು ನನಗೆ ಏನೂ ಸಿಕ್ಕಿಲ್ಲ. ಅವರ ಲೋಟಕ್ಕೆ ಕಾಫಿ ಹಾಕಿದೆ. ಇಬ್ಬರೂ ಆಸ್ಕರ್ ಅಂಗಳದ ಆ ತುದಿಯಲ್ಲಿ ಅಜ್ಜಿಯ ಕುರ್ಚಿಯನ್ನು ಬಿಸಿಲಿಗೆ ಸರಿಸುವುದನ್ನು ನೋಡುತ್ತ ಕೂತೆವು.